ಕೊಂಡು ತಂದ ಸಾಕ್ಷಿಗಳು

ಮಾವನ ಪಡಸಾಲೆಯಲ್ಲಿ ಹನ್ನೊಂದು ಕಂಬಳಿ ಮಡಿಸಿಟ್ಟಿದ್ದವು. ಕಾರ್ತಿಕ ಮಾಸ, ಚಳಿ ಕಾಲಿಟ್ಟಿತ್ತು. ಬೆಂಗಳೂರಿನಿಂದ ಆರ್ಡರ್ ಬರುವ ಕಾಲವೇ ಅದು. ಮೂರು ವಾರದಿಂದ ಒಂದೂ ಬಂದಿರಲಿಲ್ಲ.

“ಯಾಕಪ್ಪಾ, ಯಾರೂ ಕೇಳ್ತಿಲ್ವಾ?” ಅಂದರು ಮಾವ.

“ನೆಟ್‌ವರ್ಕ್ ಸರಿಯಿಲ್ಲ ಮಾವ” ಅಂದೆ. ಸುಳ್ಳು. ಏನಾಗಿದೆಯೆಂದು ನನಗೆ ಗೊತ್ತಿತ್ತು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಬಂದಿದ್ದ ಸಂದೇಶವನ್ನು ಹತ್ತು ಸಲವಾದರೂ ಓದಿದ್ದೆ: ನಿಮ್ಮ ತಾಣಕ್ಕೆ ಅಸಹಜ ಲಿಂಕ್‌ಗಳಿವೆ, ಮ್ಯಾನುಯಲ್ ಆಕ್ಷನ್ ಜಾರಿಯಾಗಿದೆ.

ಬುಕ್ಕಾಪಟ್ಟಣದ ಸುತ್ತಲಿನ ನಾಲ್ಕು ಮನೆಗಳ ಕಂಬಳಿ ಮಾರಲು ನಾನೇ ಆ ತಾಣ ಕಟ್ಟಿದ್ದೆ. ಕುರಿಯ ತುಪ್ಪಟ ಕತ್ತರಿಸುವುದು, ಹೆಂಗಸರು ಅದನ್ನು ಬಿಡಿಸಿ ನೂಲುವುದು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುವುದು, ಕುಣಿಮಗ್ಗದಲ್ಲಿ ಕಾಲಿಳಿಸಿ ಕೂತು ನೇಯುವುದು, ಎಲ್ಲದರ ಚಿತ್ರ ತೆಗೆದು ಹಾಕಿದ್ದೆ. ಮೊದಲ ವರ್ಷ ಆರ್ಡರ್ ನಿಧಾನವಾಗಿ ಬಂತು. ಆ ನಿಧಾನ ನನಗೆ ಸಹಿಸಲಾಗಲಿಲ್ಲ. ಹುಡುಕಿದವರಿಗೆ ಮೊದಲ ಪುಟದಲ್ಲೇ ಕಾಣಿಸುವಂತೆ ಮಾಡಿಕೊಡುತ್ತೇವೆಂದು ಒಬ್ಬರು ಫೋನಿನಲ್ಲಿ ಹೇಳಿದರು. ಉಣ್ಣೆ ಕೊಳ್ಳಲೆಂದು ತೆಗೆದಿಟ್ಟ ದುಡ್ಡಿನಲ್ಲಿ 18,000 ರೂಪಾಯಿ ಕಳಿಸಿದೆ. ಮಾವನನ್ನು ಕೇಳಲಿಲ್ಲ.

ನಾನು ಕೊಂಡದ್ದು ಏನೆಂದು ಹೇಳಬೇಕು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ವಿವರಿಸಿದ ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರದ ತಿರುಳು ನಮ್ಮ ಸಂತೆಗೂ ಗೊತ್ತಿರುವಂಥದು: ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಲಿಂಕ್ ಒಂದು ಸಾಕ್ಷಿ; ಸಾಕ್ಷಿ ಹೇಳುವವರಿಗೆ ಎಷ್ಟು ತೂಕವೋ ಮಾತಿಗೂ ಅಷ್ಟೇ ತೂಕ. ಕುರಿ ಕೊಳ್ಳುವಾಗ ಮಾರುವವನ ಮಾತಿಗಿಂತ ಪಕ್ಕದಲ್ಲಿ ನಿಂತವನ ಮಾತನ್ನು ಹೆಚ್ಚು ನಂಬುತ್ತೇವಲ್ಲ, ಹಾಗೆ. ನಾನು ಪಕ್ಕದಲ್ಲಿ ನಿಲ್ಲುವವರನ್ನೇ ದುಡ್ಡು ಕೊಟ್ಟು ನಿಲ್ಲಿಸಿದ್ದೆ. ಸಾಲದ ಜಾಹೀರಾತು, ಜೂಜಿನ ಆಟ, ಯಾವುದೋ ದೇಶದ ಔಷಧಿ ಇವುಗಳ ನಡುವೆ ನಮ್ಮ ಕಂಬಳಿಯ ಲಿಂಕ್ ಸೇರಿಸಿದ್ದರು. ಎಲ್ಲ ಕಡೆಯೂ ಅದೇ ನಾಲ್ಕು ಪದ, ಅಕ್ಷರ ತಪ್ಪದೆ. ನಿಜವಾಗಿ ಮೆಚ್ಚಿದ ಮುನ್ನೂರು ಜನ ಒಂದೇ ಮಾತನ್ನು ಒಂದೇ ರೀತಿ ಆಡುವುದುಂಟೇ? ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದದ್ದೇ ಇಂಥದನ್ನು ಹಿಡಿಯಲು. 2016ರಲ್ಲಿ ಅದನ್ನು ಮೂಲ ವ್ಯವಸ್ಥೆಯೊಳಗೇ ಸೇರಿಸಿತು. ನನ್ನ ಮೇಲೆ ಬಂದದ್ದು ಯಂತ್ರ ತಾನಾಗಿ ಮಾಡಿದ್ದಲ್ಲ. ಮ್ಯಾನುಯಲ್ ಆಕ್ಷನ್ ಅಂದರೆ ಮನುಷ್ಯರೊಬ್ಬರು ನೋಡಿ ತೀರ್ಮಾನಿಸಿದ್ದು. ಅದು ನನ್ನನ್ನು ಹೆಚ್ಚು ನಾಚಿಸಿತು.

ಮರುಪರಿಶೀಲನೆಗೆ ಮೊದಲ ಅರ್ಜಿ ಬರೆದೆ. ಯಾರೋ ಆಗದವರು ಈ ಲಿಂಕ್‌ಗಳನ್ನು ಹಾಕಿರಬಹುದು, ನನಗೇನೂ ತಿಳಿಯದು ಅಂತ. ಜೊತೆಗೆ ಡಿಸ್‌ಅವೌ ಕಡತವನ್ನೂ ಏರಿಸಿದೆ. ಇಂತಿಂಥ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ ಸಾದಾ ಪಠ್ಯ ಕಡತ ಅದು, 2012ರ ಅಕ್ಟೋಬರ್‌ನಿಂದ ಇರುವ ಸೌಲಭ್ಯ. ಒಂದೊಂದು ಸಾಲಿಗೆ ಒಂದೊಂದು ವಿಳಾಸ. ಅರ್ಧ ಗಂಟೆಯಲ್ಲಿ ಮುಗಿಸಿದೆ. ಎರಡು ವಾರಕ್ಕೆ ಉತ್ತರ ಬಂತು: ಲಿಂಕ್‌ಗಳು ಇನ್ನೂ ಇವೆ, ಅರ್ಜಿ ತಿರಸ್ಕೃತ.

ಆ ರಾತ್ರಿ ಮಾವನಿಗೆ ಎಲ್ಲ ಹೇಳಿದೆ. 18,000ದ ಮಾತನ್ನೂ. ಅವರು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಕಂಬ್ಳಿ ಮುಟ್ಟಿ ನೋಡ್ದೋರು ಒಬ್ರೂ ಇರ್ಲಿಲ್ವಾ ಅದ್ರಲ್ಲಿ?” ಅಂತ ಕೇಳಿದರು.

ಆ ಪ್ರಶ್ನೆ ಹಿಡಿದೇ ಕೆಲಸ ಮತ್ತೆ ಶುರು ಮಾಡಿದೆ. ಸರ್ಚ್ ಕನ್ಸೋಲ್‌ನಿಂದ ಲಿಂಕ್‌ಗಳ ಪಟ್ಟಿ ಇಳಿಸಿಕೊಂಡು ಒಂದೊಂದನ್ನೂ ತೆರೆದು ಓದಿದೆ. ಯಾವುದು ಕೊಂಡದ್ದು, ಯಾವುದು ತಾನಾಗಿ ಬಂದದ್ದು, ಯಾರಿಗೆ ಯಾವತ್ತು ತೆಗೆಯಿರಿ ಎಂದು ಬರೆದೆ, ಏನು ಉತ್ತರ ಬಂತು, ಎಲ್ಲ ನಮೂದಿಸಿದೆ. ಹೆಚ್ಚಿನವರು ಉತ್ತರಿಸಲಿಲ್ಲ. ಕೆಲವರು ತೆಗೆದರು. ತೆಗೆಯಲು ದುಡ್ಡು ಕೇಳಿದವರೂ ಇದ್ದರು, ಕೊಡಲಿಲ್ಲ.

ಹೀಗೆ ಓದುವಾಗ ಒಂದು ಪುಟದ ಮುಂದೆ ಕೈ ನಿಂತಿತು. ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿ ಧಾಮವಾದ ಮೇಲೆ ಈ ಕಡೆ ಬಂದ ಒಬ್ಬರ ಪ್ರವಾಸ ಬರಹ. ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿದ ಬಣ್ಣದ ಕೊಕ್ಕರೆಗಳನ್ನು ನೋಡಿ, ನಮ್ಮಲ್ಲಿ ಕಂಬಳಿ ಕೊಂಡು ಹೋಗಿದ್ದರು. ಕಂಬಳಿಯ ಬಗ್ಗೆ ಬರೆದದ್ದು ಮೂರು ಸಾಲು: ಮೊದಲು ಚುಚ್ಚುತ್ತದೆ, ಗಂಜಿಯ ವಾಸನೆಯಿದೆ, ಆದರೆ ಮಳೆಯಲ್ಲಿ ನೆನೆದರೂ ಒಳಗೆ ಬೆಚ್ಚಗಿರುತ್ತದೆ. ಕಂಬಳಿ ಮುಟ್ಟಿದವರ ಮಾತು. ಮೊದಲ ಸಲದ ಆತುರದಲ್ಲಿ ನಾನು ಇದನ್ನೂ ಡಿಸ್‌ಅವೌ ಕಡತಕ್ಕೆ ಹಾಕಿ, ನಂಬಬೇಡಿ ಎಂದು ಬರೆದುಕೊಟ್ಟಿದ್ದೆ. ಕೊಂಡ ಲಿಂಕ್‌ಗಳಿಗಿಂತ ಇದೇ ನನ್ನನ್ನು ಇಂದಿಗೂ ಹೆಚ್ಚು ಕಾಡುವುದು. ಪುಣ್ಯಕ್ಕೆ, ಹೊಸ ಕಡತ ಏರಿಸಿದರೆ ಹಳೆಯದು ಹೋಗುತ್ತದೆ. ಆ ಸಾಲು ತೆಗೆದು ಮತ್ತೆ ಏರಿಸಿದೆ.

ಎರಡನೇ ಅರ್ಜಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ: ದುಡ್ಡು ಕೊಟ್ಟೆ, ಇಷ್ಟು ಕೊಟ್ಟೆ, ಇಷ್ಟು ಲಿಂಕ್ ತೆಗೆಸಿದೆ, ಇಷ್ಟು ತೆಗೆಸಲಾಗಲಿಲ್ಲ, ಪಟ್ಟಿ ಇಲ್ಲಿದೆ. ದಂಡನೆ ತೆರವಾಯಿತು.

ತೆರವಾದೊಡನೆ ಹಳೆಯ ಜಾಗ ಸಿಗುತ್ತದೆಂದುಕೊಂಡಿದ್ದೆ. ಸಿಗಲಿಲ್ಲ, ಸಿಗುವುದೂ ಇಲ್ಲ. ನಮ್ಮನ್ನು ಮೇಲಕ್ಕೆತ್ತಿದ್ದು ಆ ಸುಳ್ಳು ಲಿಂಕ್‌ಗಳೇ. ಅವುಗಳ ಬಲ ಹೋದ ಮೇಲೆ ನಾವು ನಿಜವಾಗಿ ಎಲ್ಲಿದ್ದೆವೋ ಅಲ್ಲಿಗೇ ಬಂದೆವು. ಶಿಕ್ಷೆ ಮುಗಿದ ಮೇಲೂ ತಾಣ ಏಳುತ್ತಿಲ್ಲವೆಂದು ಕಂಗೆಡುವವರು ಇದನ್ನು ಮೊದಲೇ ತಿಳಿದಿರಬೇಕು. ನನಗೆ ಯಾರೂ ಹೇಳಿರಲಿಲ್ಲ. ಆ ಚಳಿಗಾಲದಲ್ಲಿ ಆರು ಕಂಬಳಿ ಹೋದವು, ಐದು ಉಳಿದವು. ಉಣ್ಣೆಯ ದುಡ್ಡನ್ನು ತೋಟದ ಕೂಲಿಗೆ ಹೋಗಿ ತೀರಿಸಿದೆ.

ಪ್ರವಾಸಿಯ ಆ ಮೂರು ಸಾಲನ್ನು ಮಾವನಿಗೆ ಓದಿ ಹೇಳಿದೆ. ಹಾಸುನೂಲಿಗೆ ಗಂಜಿ ಹಚ್ಚುತ್ತಿದ್ದರು. ಕುಂಚ ಕೆಳಗಿಟ್ಟು ಕೇಳಿದರು.

“ಹೌದು, ಚುಚ್ತದೆ” ಅಂದರು. “ಎರಡ್ಸಲ ಒಗೆದು ಬಿಸ್ಲಿಗೆ ಹಾಕಿ ಆಮೇಲೆ ಹೊದ್ಕೊಳ್ಳಿ ಅಂತ ಬರಿ.”

ನಮ್ಮ ತಾಣದ ಮೊದಲ ಪುಟದಲ್ಲಿ ಈಗ ಎಲ್ಲಕ್ಕಿಂತ ಮೇಲೆ ಆ ಮಾತಿದೆ.