ಎರಡು ಡಿಸ್ಕ್, ಒಂದು ಚೀಟಿ

‘ಬೂಟಿಂಗ್’ ಎಂಬ ಅಂಶವನ್ನು ನಾವು ಸಾಮಾನ್ಯವಾಗಿ ಒಂದು ವಾಕ್ಯದ ವ್ಯಾಖ್ಯೆಯಲ್ಲಿ ಮುಗಿಸಿಬಿಡುತ್ತೇವೆ. ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ಅದನ್ನು ಕಲಿಸುವಾಗ ಕೆಟ್ಟು ನಿಂತ ಕಂಪ್ಯೂಟರೇ ನನಗೆ ಬೋಧನೋಪಕರಣವಾಯಿತು.

ಶಾಲೆಯ ಲ್ಯಾಬಿನಲ್ಲಿ 42 ಮಕ್ಕಳಿಗೆ ಆರು ಯಂತ್ರಗಳು. ಅವುಗಳಲ್ಲಿ ಒಂದು ವಿಲೇವಾರಿ ಪಟ್ಟಿ ಸೇರಿತ್ತು. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ಅಂಥ ಸಾಧನ ಇಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ಅದನ್ನೇ ಸಮಸ್ಯೆಯಾಗಿ ತರಗತಿಗೆ ಒಡ್ಡಲು ಮಾರ್ಗದರ್ಶಕ ಶಿಕ್ಷಕಿ ಒಪ್ಪಿದರು.

ಮೊದಲು ಚಟುವಟಿಕೆ. ಡಿಸ್ಕಿನ ಮೊದಲ ಸೆಕ್ಟರ್ ಕೇವಲ 512 ಬೈಟ್. ಅದರಲ್ಲಿ ಸಂಕೇತಕ್ಕೆ ಸಿಗುವುದು 446 ಬೈಟ್. ಇಷ್ಟರಲ್ಲಿ ಎಲ್ಲ ಹಿಡಿಸದು. ಆದ್ದರಿಂದ ಅದು ಪಕ್ಕದ ಸೆಕ್ಟರ್‌ಗಳಲ್ಲಿರುವ ಗ್ರಬ್‌ನ ತಿರುಳನ್ನು ಎಬ್ಬಿಸುತ್ತದೆ. ತಿರುಳಿನ ಕೈಯಲ್ಲಿ ಒಂದು ಚೀಟಿ: ಸಂರಚನಾ ಕಡತ ಎಲ್ಲಿದೆ ಎಂಬುದು. ಮಕ್ಕಳಿಗೆ ಎರಡು ಬಗೆಯ ಚೀಟಿ ಕೊಟ್ಟೆ. ಒಂದರಲ್ಲಿ ‘ಎಡದಿಂದ ಎರಡನೇ ಬೀರು’, ಇನ್ನೊಂದರಲ್ಲಿ ‘ನೀಲಿ ಲೇಬಲ್‌ನ ಬೀರು’. ಬೀರುಗಳನ್ನು ಅದಲುಬದಲು ಮಾಡಿದಾಗ ಮೊದಲ ಗುಂಪು ದಾರಿ ತಪ್ಪಿತು, ಎರಡನೆಯದು ತಪ್ಪಲಿಲ್ಲ. ‘ಎಚ್‌ಡಿ1’ ಎಂಬುದು ಮೊದಲ ಬಗೆಯ ಚೀಟಿ. ಕಡತವ್ಯವಸ್ಥೆಗೆ ಅಂಟಿಕೊಂಡಿರುವ ಯುಯುಐಡಿ ಎರಡನೆಯದು.

ಬಳಿಕ ಯಂತ್ರದ ಬಳಿ ಹೋದೆವು. ಅದರಲ್ಲಿ ಎರಡು ಡಿಸ್ಕ್: ಗ್ರಬ್‌ನ ತಿರುಳು ಚಿಕ್ಕದರಲ್ಲಿ, ಉಬುಂಟು ದೊಡ್ಡದರಲ್ಲಿ. ‘ಎಲ್‌ಎಸ್’ ಎಂದು ಟೈಪಿಸಿದಾಗ ಎಚ್‌ಡಿ0 ಮಾತ್ರ ಕಂಡಿತು. “ಲೇಬಲ್ ಸರಿ ಇದೆ ಮೇಡಂ, ಬೀರುನೇ ಇಲ್ಲ!” ಎಂದಳು ಹಿಂದಿನ ಬೆಂಚಿನ ಹುಡುಗಿ. ವಿದ್ಯುತ್ ತೆಗೆದು ಪೆಟ್ಟಿಗೆ ಬಿಚ್ಚಿದರೆ ದೊಡ್ಡ ಡಿಸ್ಕಿನ ಕೇಬಲ್ ಸಡಿಲವಾಗಿತ್ತು. ಸಿಕ್ಕಿಸಿದೆವು, ಉಬುಂಟು ತೆರೆಯಿತು. ಪರೀಕ್ಷೆಗೆಂದು ಮೂರನೇ ಡಿಸ್ಕ್ ಜೋಡಿಸಿದಾಗ ಎಚ್‌ಡಿ1 ಆಗಿದ್ದದ್ದು ಎಚ್‌ಡಿ2 ಆಯಿತು. ಚೀಟಿಯಲ್ಲಿ ಯುಯುಐಡಿ ಇದ್ದುದರಿಂದ ಯಂತ್ರ ಎಂದಿನಂತೆ ತೆರೆಯಿತು.

ಮೌಲ್ಯಮಾಪನದಲ್ಲಿ ವ್ಯಾಖ್ಯೆ ಕೇಳಲಿಲ್ಲ. ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಏನಾಗುತ್ತದೆ?’ ಎಂದು ಕೇಳಿದೆ. “ಬೀರು ಇರುತ್ತದೆ, ಲೇಬಲ್ ಬದಲಾಗಿರುತ್ತದೆ, ಒಳಗಿನ ಪುಸ್ತಕವೂ ಇರುವುದಿಲ್ಲ” ಎಂದು ಹಲವರು ಬರೆದರು. ಕಾಣದ ಪ್ರಕ್ರಿಯೆಯನ್ನು ಕಲಿಸಲು ಅದು ನಿಂತುಹೋಗುವ ಜಾಗವೇ ಒಳ್ಳೆಯ ಪ್ರವೇಶದ್ವಾರ ಎಂದು ನನಗನ್ನಿಸಿತು. ಆ ಯಂತ್ರದ ಹೆಸರನ್ನು ಶಿಕ್ಷಕಿ ವಿಲೇವಾರಿ ಪಟ್ಟಿಯಿಂದ ಹೊಡೆದುಹಾಕಿದ್ದಾರೆ.