ಒತ್ತಿದರೆ ಗಾಯ

ಕಾಲೇಜು ಹುಡುಗರ ಭಾಷೆಯಲ್ಲಿ ‘ಬ್ಲೇಡು’ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿದ ನನ್ನ ಕಿವಿಗೆ ಹಿಂದಿನ ಬೆಂಚಿನಿಂದ ಆ ಬಿರುದು ಹಲವು ಸಲ ಬಿದ್ದಿದೆ. ಬೇಸರವೇನಿಲ್ಲ. ಆದರೆ ಒಂದು ತಿದ್ದುಪಡಿ ಬೇಕು: ನಾನು ಬ್ಲೇಡಲ್ಲ, ಕತ್ತಿ. ಏಕೆಂದರೆ ದಿನಾ ಬೆಳಿಗ್ಗೆ ನಾನು ಗಡ್ಡ ಮಾಡಿಕೊಳ್ಳುವುದು ಹಳೆಯ ಕಾಲದ, ಹಿಡಿಯೊಳಗೆ ಮಡಿಚಿಡುವ ಕ್ಷೌರದ ಕತ್ತಿಯಲ್ಲಿ.

ಇದಕ್ಕೆ ಇಪ್ಪತ್ತೈದು ನಿಮಿಷ ಬೇಕು. ಬಚ್ಚಲ ಬಾಗಿಲು ಮುಚ್ಚಿತೆಂದರೆ ‘ಅಪ್ಪ ಪೂಜೆಗೆ ಕೂತರು’ ಎಂದು ಮಗ ನಗುತ್ತಾನೆ. ‘ಐದು ನಿಮಿಷದ ಕೆಲಸಕ್ಕೆ ಇಷ್ಟು ಹೊತ್ತೇ?’ ಎಂದು ಕೇಳುವುದನ್ನು ಹೆಂಡತಿ ಬಿಟ್ಟು ಎಷ್ಟೋ ವರ್ಷವಾಯಿತು. ಇಡೀ ದಿನದಲ್ಲಿ ಯಾರ ಫೋನಿಗೂ ಓಗೊಡದೆ, ಬೇರೇನನ್ನೂ ಯೋಚಿಸದೆ ನಾನು ಇರುವ ಹೊತ್ತು ಅದೊಂದೇ. ಕುತ್ತಿಗೆಯ ಮೇಲೆ ತೆರೆದ ಅಲಗು ಇರುವಾಗ ನಾಳಿನ ಚಿಂತೆ ತಾನಾಗಿ ಹಿಂದೆ ಸರಿದು ನಿಲ್ಲುತ್ತದೆ.

ಕತ್ತಿ ನನ್ನ ತಾತನದು. ರೈಲ್ವೆಯಲ್ಲಿ ಗಾರ್ಡಾಗಿದ್ದ ಅವರು ಅದನ್ನು ಬೆಂಗಳೂರಿನ ದಂಡಿನಲ್ಲಿ ಕೊಂಡರಂತೆ. ಕರಿಯ ಕೊಂಬಿನ ಹಿಡಿ. ಅಲಗಿನ ಬುಡದಲ್ಲಿ ‘ಜೋಲಿಂಗೆನ್, ಜರ್ಮನಿ’ ಎಂಬ ಮುದ್ರೆ. ಊರಿನ ಹೆಸರು ಸರಿ, ದೇಶದ ಹೆಸರೇಕೆ? ಅದರ ಹಿಂದೆ ಒಂದು ಜಗಳವಿದೆ. ಕತ್ತಿ-ಚಾಕುಗಳಿಗೆ ಹೆಸರಾಗಿದ್ದ ಊರು ಇಂಗ್ಲೆಂಡಿನ ಶೆಫೀಲ್ಡ್. ಜರ್ಮನಿಯ ಕೆಲವು ತಯಾರಕರು ತಮ್ಮ ಮಾಲಿನ ಮೇಲೂ ಅದೇ ಊರಿನ ಹೆಸರು ಒತ್ತತೊಡಗಿದಾಗ ಅಲ್ಲಿನವರು ಗುಲ್ಲೆಬ್ಬಿಸಿದರು. 1887ರಲ್ಲಿ ಬ್ರಿಟಿಷ್ ಸರ್ಕಾರ ಕಾಯ್ದೆ ತಂದು, ಹೊರದೇಶದ ಸರಕಿನ ಮೇಲೆ ಇಂಥ ಸುಳ್ಳು ಗುರುತು ಇರಕೂಡದೆಂದಿತು. 1891ರಿಂದ ಅಮೆರಿಕವೂ ತನ್ನಲ್ಲಿಗೆ ಬರುವ ಮಾಲಿನ ಮೇಲೆ ದೇಶದ ಹೆಸರು ಕೇಳಿತು. ಹಳೆಯ ಕತ್ತಿಗಳ ವಯಸ್ಸು ಅಂದಾಜು ಮಾಡುವವರು ಇಂದಿಗೂ ಮೊದಲು ಹುಡುಕುವುದು ಈ ಮುದ್ರೆಯನ್ನೇ. ಅವಮಾನವಾಗಲೆಂದು ಹೇರಿದ ‘ಜರ್ಮನಿಯದು’ ಎಂಬ ಗುರುತು ಮುಂದೆ ಆ ದೇಶದ ಹೆಮ್ಮೆಯಾಯಿತು.

ನಾವೇನೂ ಕಡಿಮೆಯಲ್ಲ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ ಮೂಸೆಯಲ್ಲಿ ಉಕ್ಕು ಕರಗಿಸಿದ ಮೇಲೆ ಶೆಫೀಲ್ಡ್‌ನ ಹೆಸರು ಇನ್ನೂ ಮೇಲೇರಿತು. ಅದಕ್ಕೆ ಎಷ್ಟೋ ಶತಮಾನ ಮೊದಲೇ ದಕ್ಷಿಣ ಭಾರತದ ಕಮ್ಮಾರರು ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದರು. ಅದನ್ನು ಪಶ್ಚಿಮದವರು ಕರೆದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರ ಅಭಿಪ್ರಾಯ. ವಿದ್ಯುತ್ತಿನ ಪಾಠದಲ್ಲಿ ಬರುವ ಮೈಕೆಲ್ ಫ್ಯಾರಡೆ ಕೂಡ ಕಮ್ಮಾರನ ಮಗ. 1820ರ ಸುಮಾರಿಗೆ ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಲು ಆತ ಹೆಣಗಿದ್ದುಂಟು.

ಈಗ ಕತ್ತಿಯ ಕೆಲಸಕ್ಕೆ ಬರೋಣ. ಇದರ ಬೆನ್ನು ದಪ್ಪ. ಎರಡೂ ಮಗ್ಗುಲು ಒಳಕ್ಕೆ ತಗ್ಗಾಗಿ, ಅಂಚಿಗೆ ಬರುವಾಗ ಕಾಗದಕ್ಕಿಂತ ತೆಳುವಾಗುತ್ತದೆ. ಸಾಣೆಕಲ್ಲಿನ ಮೇಲೆ ಬೆನ್ನು ಮತ್ತು ಅಲಗು ಎರಡನ್ನೂ ತಾಗಿಸಿ ಮಲಗಿಸಿದರೆ ಮಸೆಯುವ ಕೋನ ತಾನಾಗಿ ಸಿಗುತ್ತದೆ. ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ ಸಾಕು. ದಿನಾ ಬೇಕಾದದ್ದು ಚರ್ಮದ ಪಟ್ಟಿ. ಗೋಡೆಯ ಗೂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಬೆನ್ನು ಮುಂದೆ ಅಲಗು ಹಿಂದೆ ಇರುವಂತೆ ಕತ್ತಿಯನ್ನು ಸವರಬೇಕು. ತುದಿ ತಲುಪಿದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸು ಬರಬೇಕು. ಅಲಗಿನ ಮೇಲೆ ಹೊರಳಿಸಿದರೆ ಚರ್ಮವೂ ಹೋಯಿತು, ಅಂಚೂ ಹೋಯಿತು. ಹೀಗೆ ನಲವತ್ತು ಸಲ.

ಇಷ್ಟು ಆರೈಕೆ ಏಕೆ? ಕೂದಲನ್ನು ಕೊಯ್ಯುವ ಉಕ್ಕು ಕೂದಲಿನಿಂದಲೇ ಮೊಂಡಾಗುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಇವತ್ತಿನ ಬ್ಲೇಡುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಆದರೂ ಓರೆಯಾಗಿ ತಗಲಿದ ಕೂದಲು ಅಂಚಿನ ದುರ್ಬಲ ಜಾಗದಲ್ಲಿ ಚಕ್ಕೆ ಎಬ್ಬಿಸಬಲ್ಲದು.

ಬ್ಲೇಡಿನವರು ಇದಕ್ಕೆ ಸುಲಭದ ದಾರಿ ಕಂಡುಕೊಂಡರು: ಮೊಂಡಾದರೆ ಎಸೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಎಸೆಯುವ ಬ್ಲೇಡಿನ ರೇಜರನ್ನು ಮಾರುಕಟ್ಟೆಗೆ ತಂದಾಗ ಆ ವರ್ಷ ಹೋದದ್ದು 51 ರೇಜರು, 168 ಬ್ಲೇಡು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲಗಳಿಗೆ ಅದು ಲಕ್ಷಗಟ್ಟಲೆ ಸೇರಿತು. ಒಳ್ಳೆಯದೇ ಆಯಿತೆನ್ನಿ. ಬೆಳಗಿನ ಬಸ್ಸು ಹಿಡಿಯುವವರಿಗೆ ಚರ್ಮದ ಪಟ್ಟಿಯ ಸಹವಾಸ ಯಾಕೆ? ನಾವು ಶಾಲೆಯಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದುದೂ ದೊಡ್ಡವರು ಬಳಸಿ ಬಿಟ್ಟ ಟೋಪಾಜ್ ಬ್ಲೇಡಿನ ಅರ್ಧ ತುಂಡಿನಲ್ಲೇ.

ಕತ್ತಿಯ ಕ್ಷೌರಕ್ಕೆ ಮೊದಲು ಬಿಸಿನೀರು. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಆಮೇಲೆ ಬ್ರಶ್ಶಿನಲ್ಲಿ ಸಾಬೂನಿನ ನೊರೆ. ಒಂದು ಕೈ ಚರ್ಮವನ್ನು ಬಿಗಿಯಾಗಿ ಎಳೆದಿರಬೇಕು, ಇನ್ನೊಂದು ಕತ್ತಿಯನ್ನು ಮುಖಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ ಇಳಿಸಬೇಕು. ತೆಳು ಅಲಗು ಸಣ್ಣಗೆ ಹಾಡುತ್ತದೆ, ಗರಿಗರಿ ಎಂಬ ಸದ್ದು. ಕೊನೆಗೆ ತಣ್ಣೀರು, ಒಂದಿಷ್ಟು ಪಟಿಕ. ಒಂದೇ ಕಟ್ಟುನಿಟ್ಟು: ಒತ್ತಬಾರದು.

ಇಲ್ಲಿ ನನ್ನ ಪಾಠ ಕೆಲಸಕ್ಕೆ ಬರುತ್ತದೆ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅಂಚು ಹರಿತವಾಗಿದ್ದರೆ ವಿಸ್ತೀರ್ಣ ತೀರಾ ಕಡಿಮೆ, ಹಾಗಾಗಿ ಕತ್ತಿಯ ತೂಕವೇ ಸಾಕು. ಅಂಚು ಮೊಂಡಾದಾಗಲೇ ಕೈ ಬಲ ಹಾಕಲು ಹೋಗುವುದು, ಆಗಲೇ ರಕ್ತ ಬರುವುದು. ಹರಿತವಾದ ಕತ್ತಿಗಿಂತ ಮೊಂಡು ಕತ್ತಿ ಹೆಚ್ಚು ಅಪಾಯ.

ಇದನ್ನು ನನಗೆ ಮೊದಲು ಹೇಳಿದ್ದು ಸೂತ್ರವಲ್ಲ, ನನ್ನ ಅಪ್ಪ. ಹಳ್ಳಿಯ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದ ಅವರು ಎಂಬತ್ತರವರೆಗೂ ತಾತನ ಕತ್ತಿಯಿಂದ ತಾವೇ ಗಡ್ಡ ಮಾಡಿಕೊಂಡವರು. ಆಮೇಲೆ ಕೈ ನಡುಗತೊಡಗಿತು. ನಾಲ್ಕು ದಿನದ ಬಿಳಿಯ ಗಡ್ಡದಲ್ಲಿ ಜಗಲಿಯ ಮೇಲೆ ಕೂತಿದ್ದವರು ಒಂದು ಭಾನುವಾರ ನನ್ನನ್ನು ಕರೆದು, ‘ನೀನೇ ಮಾಡೋ’ ಎಂದು ಕತ್ತಿ ಕೊಟ್ಟರು. ಆಗ ನಾನು ಬೇರೆ ಕತ್ತಿ ಬಳಸುತ್ತಿದ್ದೆ. ನನ್ನ ಮುಖದ ಮೇಲೆ ಕೈ ಪಳಗಿತ್ತು. ಆದರೆ ಅಪ್ಪನ ಕೆನ್ನೆಯನ್ನು ಬುದ್ಧಿ ಬಂದ ಮೇಲೆ ನಾನು ಮುಟ್ಟಿದ್ದೇ ಇಲ್ಲ. ಸಡಿಲಾದ ಆ ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದಾಗ ಅವರು ಕಣ್ಣು ಮುಚ್ಚಿಕೊಂಡು ಅಂದರು: ‘ಒತ್ತಬೇಡವೋ. ಅದರ ಪಾಡಿಗೆ ಅದು ಹೋಗುತ್ತೆ.’

ಗಲ್ಲ ಮುಗಿಸಿ ಗಂಟಲಿಗೆ ಬಂದಿದ್ದೆ. ಕಣ್ಣು ತೆರೆಯದೆ ಕೇಳಿದರು: ‘ಎಸ್ಸೆಸ್ಸೆಲ್ಸಿ ವರ್ಷ ನಿನ್ನನ್ನ ತುಂಬಾ ಒತ್ತಿಬಿಟ್ಟೆ, ಅಲ್ವೇನೋ?’

ಬೆಳಗಿನ ನಾಲ್ಕಕ್ಕೆ ತಲೆಯ ಮೇಲೆ ತಣ್ಣೀರು, ಪ್ರತಿ ತಪ್ಪು ಲೆಕ್ಕಕ್ಕೆ ಒಂದು ಏಟು, ಇಡೀ ವರ್ಷ ಆಟಕ್ಕೆ ರಜೆ. ಎಲ್ಲ ನೆನಪಾಯಿತು. ಆದರೆ ಕತ್ತಿ ಅವರ ಗಂಟಲ ಮೇಲಿತ್ತು. ಅವರು ಉಗುಳು ನುಂಗಿದ್ದು ಅಲಗಿನ ಮೂಲಕ ನನ್ನ ಕೈಗೆ ತಿಳಿಯಿತು. ‘ಮಾತಾಡಬೇಡಿ ಅಪ್ಪ, ಅಲ್ಲಾಡುತ್ತೆ’ ಎಂದಷ್ಟೇ ಹೇಳಿದೆ. ಅವರು ಅಲ್ಲಾಡಲಿಲ್ಲ. ಅಲ್ಲಿಂದ ಮುಂದೆ ಎರಡು ವರ್ಷ, ಅವರು ಹೋಗುವವರೆಗೂ, ಪ್ರತಿ ಭಾನುವಾರ ಊರಿಗೆ ಹೋಗಿ ಆ ಕೆಲಸ ನಾನೇ ಮಾಡಿದೆ. ಆ ಪ್ರಶ್ನೆ ಅವರು ಮತ್ತೆ ಕೇಳಲಿಲ್ಲ.

ಪರೀಕ್ಷೆಯ ದಿನಗಳು ಹತ್ತಿರವಾದಾಗ ಎಷ್ಟೋ ತಂದೆತಾಯಿಯರು ಮಗನನ್ನೋ ಮಗಳನ್ನೋ ಮುಂದೆ ನಿಲ್ಲಿಸಿಕೊಂಡು ನಮ್ಮ ಸ್ಟಾಫ್ ರೂಮಿಗೆ ಬರುತ್ತಾರೆ. ‘ಸಾರ್, ನೀವಾದರೂ ಸ್ವಲ್ಪ ಒತ್ತಿ ಹೇಳಿ’ ಎನ್ನುತ್ತಾರೆ. ಮಗು ನೆಲ ನೋಡುತ್ತಿರುತ್ತದೆ. ಆ ಕಾಳಜಿ ಸುಳ್ಳಲ್ಲ, ಭಯವೂ ಸುಳ್ಳಲ್ಲ. ನಾನು ಕೇಳುವುದು ಒಂದೇ: ‘ಮನೆಯಲ್ಲಿ ದಿನಾ ಎಷ್ಟು ಹೊತ್ತು ಓದುತ್ತಾನೆ?’ ದಿನಾ ಅರ್ಧ ಗಂಟೆ ಚರ್ಮದ ಪಟ್ಟಿಗೆ ಸವರಿದ ಬುದ್ಧಿಯನ್ನು ಪರೀಕ್ಷೆಯ ಹಿಂದಿನ ವಾರ ಕಲ್ಲಿಗೆ ಹಾಕಿ ಉಜ್ಜಬೇಕಾಗಿಲ್ಲ. ಪಟ್ಟಿಯನ್ನೇ ಮುಟ್ಟದವನನ್ನು ಕೊನೆಗೆ ಎಷ್ಟು ಒತ್ತಿದರೂ ಆಗುವುದು ಗಾಯವೇ.

ಹಾಗೆಂದು ನಾಳೆಯೇ ಅಟ್ಟದ ಮೇಲಿನ ತುಕ್ಕು ಹಿಡಿದ ಕತ್ತಿಯನ್ನು ಹುಡುಗರ ಕೈಗೆ ಕೊಡಬೇಡಿ. ಹಳೆಯ ಕತ್ತಿಯನ್ನು ಬಲ್ಲವರ ಕೈಯಲ್ಲಿ ಶುದ್ಧ ಮಾಡಿಸಿ, ಸಾಣೆ ಹಿಡಿಸಿ. ಒಬ್ಬರು ಬಳಸುವ ಕತ್ತಿಯನ್ನು ಇನ್ನೊಬ್ಬರು ಹಂಚಿಕೊಳ್ಳಕೂಡದು. ಹೆಪಟೈಟಿಸ್ ಬಿ, ಎಚ್‌ಐವಿಯಂಥ ಸೋಂಕುಗಳು ರಕ್ತದ ಮೂಲಕ ಹರಡುತ್ತವೆ. ಸಲೂನಿನವರು ಈಗ ಒಬ್ಬೊಬ್ಬರಿಗೂ ಹೊಸ ಅರ್ಧ ಬ್ಲೇಡು ಮುರಿದು ಹಾಕುವುದು ಇದೇ ಕಾರಣಕ್ಕೆ. ಹಾಕದಿದ್ದರೆ ಕೇಳಿ ಹಾಕಿಸಿಕೊಳ್ಳಿ, ಸಂಕೋಚ ಬೇಡ.

ನನ್ನ ಮಗ ಈಗ ದ್ವಿತೀಯ ಪಿಯುಸಿ. ಮೀಸೆಯ ಜಾಗ ಕಪ್ಪಾಗಿದೆ, ಕತ್ತಿ ಬೇಕೆಂದು ಹಟ. ನಾನು ಹಿಂದೆ ಬಳಸುತ್ತಿದ್ದ ಇನ್ನೊಂದು ಕತ್ತಿಗೆ ಸಾಣೆ ಹಿಡಿಸಿ ಅವನಿಗೆಂದು ತೆಗೆದಿಟ್ಟಿದ್ದೇನೆ. ಸದ್ಯಕ್ಕೆ ಅವನಿಗೆ ಸಿಕ್ಕಿರುವುದು ಚರ್ಮದ ಪಟ್ಟಿ ಮತ್ತು ಅಂಚು ತೆಗೆದ ಒಂದು ಹಳೆಯ ಅಲಗು. ಸಂಜೆ ಪುಸ್ತಕ ತೆರೆಯುವ ಮೊದಲು ನಲವತ್ತು ಸಲ ಎಣಿಸಿ ಸವರುತ್ತಾನೆ. ಇದರಿಂದ ಅವನ ಅಂಕ ಹೆಚ್ಚಿತೇ ಎಂದು ಮಾತ್ರ ಕೇಳಬೇಡಿ. ನಾನೂ ಕೇಳಿಲ್ಲ.