ಅವ್ವ ಓದಿದ ಆನೆಯ ಕಥೆ

ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆತನಗಳು ನಮ್ಮವು. ಕನಕಪುರದ ನಮ್ಮ ಮನೆಯಲ್ಲಿಯೂ ಪುಸ್ತಕಗಳಿಗೆಂದೇ ಗಾಜಿನ ಬಾಗಿಲಿನ ಕಪಾಟೊಂದಿದೆ. ರಾಜ್ಯ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು 15ನ್ನೂ ಅದರ ಮೇಲಿನ ಸಾಲಿನಲ್ಲಿ ಜೋಡಿಸಿದ್ದೇವೆ. ಬಸವ ಜಯಂತಿಯಂದು ಧೂಳು ಒರೆಸಿ, ವಿಭೂತಿ ಹಚ್ಚಿ, ಮತ್ತೆ ಬಾಗಿಲು ಹಾಕುತ್ತೇವೆ. ಎರಡು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿ ಗಂಡಹೆಂಡಿರಿಬ್ಬರೂ ನೌಕರಿಯಲ್ಲಿರುವ ನಮ್ಮ ಮಗಳು ತನ್ನ ಮೂರು ವರ್ಷದ ಕೂಸನ್ನು ನಮ್ಮ ಬಳಿ ಬಿಟ್ಟುಹೋದಾಗ, ಆ ಕಪಾಟಿನ ಮುಂದೆ ನಿಂತು ಹುಡುಕಿದೆವು. ಮೂರು ವರ್ಷದ ಮಗುವಿನ ಕೈಗೆ ಕೊಡಬಹುದಾದ ಪುಸ್ತಕ ಅದರಲ್ಲಿ ಒಂದೂ ಇರಲಿಲ್ಲ.

ಹುಡುಕಬೇಕಾಗಿ ಬಂದುದಕ್ಕೆ ಕಾರಣವಿತ್ತು. ಮೊಬೈಲ್ ಹಾಡದೆ ಆ ಮಗುವಿನ ಬಾಯಿಗೆ ತುತ್ತು ಇಳಿಯುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ನಮ್ಮೊಡನೆ ಆಡುವ ಮಾತು 'ಬೇಕು', 'ಬೇಡ' ಎರಡೇ ಆಗಿತ್ತು. ಕಿವಿ ಕೇಳಿಸದೋ ಎಂಬ ಭಯದಿಂದ ವೈದ್ಯರಲ್ಲಿಗೂ ಕರೆದೊಯ್ದೆವು. ಕಿವಿ ಚೆನ್ನಾಗಿದೆ, ಮನೆಯವರು ಮಗುವಿನೊಡನೆ ಮಾತನಾಡಿ ಎಂದು ಅವರು ಹೇಳಿ ಕಳುಹಿಸಿದರು.

ನಮಗೆ ಮೊದಲು ತೋಚಿದ್ದು ಅಕ್ಷರಮಾಲೆಯ ಪುಸ್ತಕ. ಪುಟ ಪುಟಕ್ಕೂ ಬೆರಳಿಟ್ಟು 'ಇದೇನು? ಇದೇನು?' ಎಂದು ಕೇಳುತ್ತ ಕುಳಿತೆವು. ಮೂರನೆಯ ದಿನಕ್ಕೆ ಮಗು ಪುಸ್ತಕ ಕಂಡರೆ ಅಡುಗೆಮನೆಯ ಬಾಗಿಲ ಹಿಂದೆ ಅಡಗತೊಡಗಿತು. ಅದರ ತಪ್ಪೇನಿತ್ತು? ನಾವು ನಡೆಸುತ್ತಿದ್ದುದು ಪರೀಕ್ಷೆಯನ್ನು.

ಆಗ ತರಿಸಿದ್ದು ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಒಂದು ತೆಳುವಾದ ಪುಸ್ತಕ. ತನ್ನ ಬೂದು ಬಣ್ಣ ಸಪ್ಪೆಯೆಂದು ಕೊರಗಿ, ಬೇರೆ ಪ್ರಾಣಿಗಳ ಬಣ್ಣಕ್ಕೆ ಆಸೆಪಡುವ ರೂಪಾ ಎಂಬ ಆನೆಯ ಕಥೆ. ಮಿಕ್ಕಿ ಪಟೇಲರು ತಾವೇ ಬರೆದು ತಾವೇ ಚಿತ್ರಿಸಿದ್ದು. ನಾವು ಅದನ್ನು ಮೇಜಿನ ಮೇಲಿಟ್ಟು ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದೆವು. ಹಿಂದಿರುಗಿ ಬರುವಾಗ ಪಡಸಾಲೆಯಿಂದ ಮಾತು ಕೇಳಿಸಿತು. ನಮ್ಮ ತಾಯಿಯವರು ಗೋಡೆಗೊರಗಿ ಕುಳಿತಿದ್ದರು. ಮಗು ಅವರ ತೊಡೆಯ ಮೇಲಿತ್ತು. ಪುಸ್ತಕ ಅವರ ಕೈಯಲ್ಲಿತ್ತು.

ಆ ನೋಟವು ನಮಗೆ ಎಷ್ಟು ಹೊಸದಾಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಎಂಬತ್ತಾರು ವರ್ಷದ ಅವ್ವನಿಗೆ ಅಕ್ಷರ ಬಾರದು. ಅವರ ತವರು ಕೋಡಿಹಳ್ಳಿಯ ಕಡೆ, ಕಾಡಂಚಿನ ಹಳ್ಳಿ. ಅಣ್ಣತಮ್ಮಂದಿರು ಶಾಲೆಗೆ ಹೋದರು, ಇವರು ರೇಷ್ಮೆಹುಳುವಿಗೆ ಸೊಪ್ಪು ಹಾಕಿದರು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಿ ಆಯುವವನ ಹೆಂಡತಿಯೂ ವಚನ ಹೇಳಿದಳೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ನುಡಿಯುತ್ತೇವೆ. ಎಂಟು ಶತಮಾನಗಳ ನಂತರ ನಮ್ಮ ಮನೆಯ ಹೆಣ್ಣುಮಗಳಿಗೆ ಸ್ಲೇಟು ಕೊಡಿಸಲಿಲ್ಲ. ಆ ಕಪಾಟನ್ನು ಅವ್ವ ಅರುವತ್ತು ವರ್ಷಗಳಿಂದ ಒರೆಸಿದ್ದಾರೆ. ಪುಸ್ತಕವೊಂದನ್ನು ಬಿಚ್ಚಿ ಹಿಡಿದುದನ್ನು ನಾವು ಕಂಡದ್ದು ಅಂದೇ ಮೊದಲು.

ಅವರು ಓದುತ್ತಿದ್ದುದು ಚಿತ್ರಗಳನ್ನು. "ಈ ಆನೆ ಕಾಡಿಂದ ಇಳ್ದು ಬಂದದೆ ಮಗ. ರಾಗಿ ಹೊಲ್ದ ವಾಸ್ನೆ ಹಿಡ್ಕಂಡು ಬಂದದೆ. ನಮ್ಮಪ್ಪ ಅಟ್ಟಣೆ ಮ್ಯಾಲೆ ಕುಂತ್ಕಂಡು ಡಬ್ಬ ಬಡೀತಿದ್ರು, ಡಬ ಡಬ ಡಬ!" ಬಣ್ಣದ ಆನೆಯ ಪುಟ ಬಂದಾಗ, "ಜಾತ್ರೆಗೆ ಸಿಂಗಾರ ಮಾಡವ್ರೆ" ಎಂದರು. ಮಗು ನೆಲವನ್ನು ಬಡಿದು 'ಡಬ ಡಬ' ಎಂದಿತು. ಅದರ ಬಾಯಿಂದ ಹೊಸದೊಂದು ಮಾತು ಬಂದುದನ್ನು ಕೇಳಿ ನಾವು ಹಿಗ್ಗಬೇಕಿತ್ತು. ಆದರೆ ನಾವು ಮಾಡಿದ್ದೇನು? "ಅವ್ವ, ಅದರಲ್ಲಿ ರಾಗಿಯ ವಿಷಯವೇ ಇಲ್ಲ, ಬರೆದಿರುವುದು ಬೇರೆ" ಎಂದೆವು.

ಅವ್ವ ಪುಸ್ತಕವನ್ನು ಮುಚ್ಚಿ, ಕಣ್ಣಿಗೊತ್ತಿಕೊಂಡು ನಮ್ಮ ಕೈಗೆ ಕೊಟ್ಟರು. "ನಂಗೆ ಅಕ್ಸರ ಬರಾಕಿಲ್ಲ ಕಣಪ್ಪ, ನೀವೇ ಸರ್ಯಾಗಿ ಓದ್ಕೊಡಿ" ಎಂದು ಎದ್ದು ಹಿತ್ತಲಿಗೆ ಹೋದರು. ನಾವು ಅಚ್ಚಾದ ಮಾತುಗಳನ್ನೇ ಸ್ಪಷ್ಟವಾಗಿ ಓದಿದೆವು. ಎರಡನೆಯ ಪುಟಕ್ಕೆ ಮಗು ತೊಡೆಯಿಂದ ಇಳಿದು ಹೋಯಿತು. ಮೂರು ದಿನ ಆ ಪುಸ್ತಕ ಬಿದ್ದಲ್ಲೇ ಬಿದ್ದಿತ್ತು. ನಾಲ್ಕನೆಯ ದಿನ ಮಗುವೇ ಅದನ್ನು ಎಳೆದುಕೊಂಡು ಹೋಗಿ ಅವ್ವನ ಮಡಿಲಿಗೆ ಹಾಕಿ, "ಮುತ್ತಜ್ಜಿ, ಡಬ ಡಬ ಓದು" ಎಂದಿತು. ಅವ್ವ ನಮ್ಮ ಮುಖ ನೋಡಿದರು. ನಾವು ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ಹೋದೆವು.

ಅಂದಿನಿಂದ ನಾವು ಪುಸ್ತಕ ಆರಿಸುವ ರೀತಿಯೇ ಬದಲಾಯಿತು. ಪುಟಕ್ಕೆ ಎರಡು ಮೂರು ಸಾಲು ಮಾತು ಸಾಕು. ಚಿತ್ರ ದೊಡ್ಡದಿರಬೇಕು, ಅದರ ಮೂಲೆಯಲ್ಲಿ ಒಂದು ಕೋಳಿಯೋ ನಾಯಿಯೋ ತನ್ನ ಪಾಡಿಗೆ ಏನಾದರೂ ಮಾಡುತ್ತಿರಬೇಕು. ಕೊನೆಯಲ್ಲಿ 'ನೀತಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ನಾವು ಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನ ಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಓದುವ ಹಂತವನ್ನೂ ಅವುಗಳ ಮೇಲೆ ಗುರುತಿಸಿರುತ್ತಾರೆ. ಚಿಕ್ಕವರಿಗೆ ಒಂದನೆಯ ಹಂತದಿಂದ ತೊಡಗಬಹುದು. ರೋಹಿಣಿ ನಿಲೇಕಣಿಯವರು ಬರೆದ ಶೃಂಗೇರಿ ಶ್ರೀನಿವಾಸ ಎಂಬ ರೈತನ ಕಥೆಗಳನ್ನು ನಮ್ಮ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಓದಿದ್ದೇವೆ. ಉದ್ದ ಕೂದಲಿನ ಆ ಮನುಷ್ಯ ವರ್ಷಕ್ಕೊಮ್ಮೆ ಕ್ಷೌರಕ್ಕೆ ಹೊರಟರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಅದೇ ಪುಸ್ತಕವನ್ನು ಇಪ್ಪತ್ತನೆಯ ಸಲ ಓದಲು ದೊಡ್ಡವರಿಗೆ ಬೇಸರವಾಗುತ್ತದೆ, ನಿಜ. ಮುಂದಿನ ಮಾತು ತನಗೆ ಮೊದಲೇ ಗೊತ್ತಿದೆ ಎಂಬುದೇ ಮಗುವಿಗೆ ಸಂಭ್ರಮ.

ಸಂಸ್ಥೆಯವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಇಂತಹ ಪುಸ್ತಕಗಳನ್ನು ಉಚಿತವಾಗಿ ಓದಬಹುದು. ನಾವಾದರೋ ಕಾಗದದ ಮೇಲೆ ಮುದ್ರಿಸಿಕೊಳ್ಳುತ್ತೇವೆ. ಮೊಬೈಲಿನಿಂದ ಬಿಡಿಸಿದ ಮಗುವನ್ನು ಮತ್ತೆ ಅದರ ಮುಂದೆಯೇ ಕೂರಿಸಲು ಮನಸ್ಸಾಗದು. ಹೊರರಾಜ್ಯದಲ್ಲೋ ಪರದೇಶದಲ್ಲೋ ಮೊಮ್ಮಕ್ಕಳಿರುವವರು ಚೆನ್ನೈನ ತೂಲಿಕಾ ಪ್ರಕಾಶನದ ದ್ವಿಭಾಷಾ ಪುಸ್ತಕಗಳನ್ನು ನೋಡಬಹುದು, ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಇರುತ್ತದೆ. ಹಾಡಿಗೆ ನಮ್ಮ ಪಕ್ಕದ ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಇದ್ದೇ ಇದ್ದಾರೆ. ಅವರ 'ತುತ್ತೂರಿ'ಯನ್ನು ಬಿಟ್ಟು ತೊಡೆಯ ಮೇಲಿನ ಓದು ಕನ್ನಡದಲ್ಲಿ ಹೇಗೆ ಸಾಧ್ಯವೋ ನಮಗೆ ತಿಳಿಯದು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. ಈಗ ಅದಕ್ಕೆ ಅರಿವು ಕೇಂದ್ರವೆಂದು ಹೆಸರು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಣ್ಣನೋ ಅಕ್ಕನೋ ತಂದ ಪುಸ್ತಕವನ್ನು ಮನೆಯ ಚಿಕ್ಕದಕ್ಕೆ ಓದಿ ಹೇಳಬಹುದು.

ನಮ್ಮ ಸಮಾಜದವರಲ್ಲಿ ಒಂದು ಅರಿಕೆ. ಶರಣರನ್ನು ಕುರಿತು ಮಕ್ಕಳಿಗಾಗಿ ಬಂದ ಪುಸ್ತಕಗಳಲ್ಲಿ ನಮ್ಮ ಕಣ್ಣಿಗೆ ಬಿದ್ದವುಗಳಲ್ಲಿ ಹೆಚ್ಚಿನವು ಹತ್ತು ವರ್ಷ ದಾಟಿದವರಿಗೆ. ಮುಖಪುಟದಲ್ಲಿ ಪ್ರಭಾವಳಿ, ಒಳಗೆ ಇಸವಿಗಳು. ಮೂರು ವರ್ಷದ ಮಗುವಿಗೆ ಬೇಕಾದದ್ದು ಕಾಯಕ. ಮಾಚಯ್ಯ ಬಟ್ಟೆ ಒಗೆಯುವುದು, ಚೌಡಯ್ಯ ದೋಣಿ ನಡೆಸುವುದು, ಚಂದಯ್ಯ ಹುಲ್ಲಿನ ಹಗ್ಗ ಹೊಸೆಯುವುದು, ಕೇತಯ್ಯ ಬಿದಿರು ಸೀಳುವುದು, ಒಂದೊಂದೂ ಒಂದು ಪುಟದ ಚಿತ್ರವಲ್ಲವೆ? ಚಿತ್ರಕಾರರಿರುವ ಮನೆಗಳು ಮನಸ್ಸು ಮಾಡಬೇಕು. ನಾವು ಹಳೆಯ ಕ್ಯಾಲೆಂಡರುಗಳನ್ನು ಕತ್ತರಿಸಿ, ಲಗ್ನಪತ್ರಿಕೆಗಳ ದಪ್ಪ ಕಾಗದಕ್ಕೆ ಅಂಟಿಸಿ, ದಾರದಲ್ಲಿ ಹೊಲಿದು ಒಂದನ್ನು ಮಾಡಿಕೊಂಡಿದ್ದೇವೆ. ಅಂದವಾಗಿಲ್ಲ. ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಿರುಗಿಸಲು ಹೇಳುವ ಪುಟಕ್ಕೆ ನಿಜವಾದ ಅಕ್ಕಿಯನ್ನೇ ಅಂಟಿಸಿದ್ದೆವು. ಅರ್ಧವನ್ನು ಇರುವೆ ಒಯ್ದಿದೆ. ಇರುವೆ ಅದನ್ನು ಯಾವಾಗ ಹಿಂದಕ್ಕೆ ತರುತ್ತದೆಂದು ಮಗು ಕೇಳುತ್ತಿರುತ್ತಾಳೆ.

ಈಗ ಅವಳಿಗೆ ಐದು ವರ್ಷ. ಮಾತು ತಡೆಯಿಲ್ಲದೆ ಬರುತ್ತದೆ, ಅದೂ ಅವ್ವನ ಮಾತು. 'ಬಂದದೆ', 'ಹೋಯ್ತದೆ' ಎಂಬುದನ್ನು ಕೇಳಿ ಮಗಳು ಮೊದಮೊದಲು ಹುಬ್ಬು ಗಂಟಿಕ್ಕಿದ್ದುಂಟು. ಊಟಕ್ಕೆ ಮೊಬೈಲ್ ಕೇಳುವುದು ಪೂರ್ತಿ ನಿಂತಿಲ್ಲ, ಭಾನುವಾರ ತಾಯಿ ಬಂದಾಗ ಮರುಕಳಿಸುತ್ತದೆ. ಬರುವ ಜೂನ್‌ನಲ್ಲಿ ಬೆಂಗಳೂರಿನ ಶಾಲೆಗೆ ಸೇರುತ್ತಾಳೆ. ಅಕ್ಷರ ಕೂಡಿಸಿ ಓದುವ ದಿನ ಆನೆಯ ಪುಸ್ತಕದಲ್ಲಿ ರಾಗಿ ಇಲ್ಲವೆಂಬುದು ಅವಳಿಗೂ ಗೊತ್ತಾಗುತ್ತದೆ. ಅದನ್ನು ನೆನೆದು, ಪುಸ್ತಕದಲ್ಲಿ ಬರೆಯಬಾರದೆಂಬ ನಮ್ಮ ಮನೆಯ ನಿಯಮವನ್ನು ಮೀರಿ, ಮೊನ್ನೆ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ನಾಲ್ಕು ರಾಗಿ ತೆನೆ ಬಿಡಿಸಿದೆವು. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ತೆನೆ ಹಿಂಗಿರಾಕಿಲ್ಲ, ಬಲ್ತಿದ್ಮ್ಯಾಲೆ ಮುಷ್ಟಿ ಕಟ್ಟಿದಂಗಿರ್ತದೆ. ಅಳ್ಸಿ ಬರೀರಿ" ಎಂದರು.